ಗಿಟಾರ್ ಪೆಡಲಿಗೆ ಎಂಥ ಕೆಪ್ಯಾಸಿಟರ್?

ಮನೆಯಲ್ಲೇ ಗಿಟಾರ್ ಪೆಡಲ್ ಕಟ್ಟುವ ಹುಮ್ಮಸ್ಸಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರಿಗೆ ರೆಸಿಸ್ಟರ್ ಕೊಳ್ಳುವಾಗ ತೊಂದರೆಯಾಗುವುದಿಲ್ಲ. ಕೆಪ್ಯಾಸಿಟರ್ ವಿಷಯ ಬಂದಾಗಲೇ ತಡವರಿಕೆ ಶುರು. ಡಿಸ್ಕ್ ಬೇಕೋ, ಪಾಲಿಯೆಸ್ಟರ್ ಬೇಕೋ, ಎಲೆಕ್ಟ್ರೋಲಿಟಿಕ್ ಬೇಕೋ? ಸರ್ಕ್ಯೂಟ್ ಚಿತ್ರ ಹೇಳುವುದು ಮೌಲ್ಯವನ್ನು ಮಾತ್ರ. ಅಂತರ್ಜಾಲದಲ್ಲಿ ಹುಡುಕಿದರೆ ‘ಈ ಬಗೆಯದು ಹಾಕಿದರೇ ಆ ನಾದ’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ಅಂಥ ಮಾತಿನಲ್ಲಿ ವಿಜ್ಞಾನ ಸ್ವಲ್ಪ, ಭಕ್ತಿ ಜಾಸ್ತಿ.

ಒಂದು ನಿಜವಾದ ಪೆಡಲನ್ನೇ ಬಿಚ್ಚಿ ನೋಡೋಣ. 1970ರ ದಶಕದ ಕೊನೆಯಲ್ಲಿ ಜಪಾನಿನ ಸುಸುಮು ತಮುರಾ ರೂಪಿಸಿದ, ಐಬನೇಜ್ ಹೆಸರಿನಲ್ಲಿ ಮಾರಾಟವಾದ ‘ಟ್ಯೂಬ್ ಸ್ಕ್ರೀಮರ್’ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಓವರ್‌ಡ್ರೈವ್‌ಗಳಲ್ಲಿ ಒಂದು. ಅದರ ನಡುಮಧ್ಯದ ಆಪ್-ಆಂಪ್ ಚಿಪ್ಪಿನ ಬಳಿ 47 ನ್ಯಾನೋಫ್ಯಾರಡ್‌ನ ಒಂದು ಪುಟ್ಟ ಕೆಪ್ಯಾಸಿಟರ್ 4.7 ಕಿಲೋಓಮ್ ರೆಸಿಸ್ಟರ್ ಜೊತೆ ಕೂತಿದೆ. ಇವೆರಡೂ ಸೇರಿ ಸುಮಾರು 720 ಹರ್ಟ್ಜ್‌ನಲ್ಲಿ ಗೆರೆ ಎಳೆಯುತ್ತವೆ. ಅದಕ್ಕಿಂತ ಕೆಳಗಿನ ಸ್ವರಗಳಿಗೆ ವರ್ಧನೆ ಇಳಿಯುತ್ತ ಹೋಗುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ 82 ಹರ್ಟ್ಜ್. ಅದು ಪೂರ್ತಿ ಹಿಗ್ಗಿ ಒಡೆದರೆ ಕೇಳುವುದು ಬರೀ ರಾಡಿ. ಆ ಪೆಡಲಿನ ಹೆಸರಾದ ‘ಮಧ್ಯದ ಉಬ್ಬು’ ಹುಟ್ಟುವುದರಲ್ಲಿ ಈ ಜೋಡಿಯ ಪಾಲು ದೊಡ್ಡದು.

ಈಗ ಅದೇ ಜಾಗಕ್ಕೆ ಅಗ್ಗದ ಸೆರಾಮಿಕ್ ಡಿಸ್ಕ್ ಒಂದನ್ನು ಹಾಕಿದಿರಿ ಎನ್ನಿ. ಮೈಮೇಲೆ 473 ಎಂದಿದೆ: 47ರ ಮುಂದೆ ಮೂರು ಸೊನ್ನೆ ಪೈಕೋಫ್ಯಾರಡ್, ಅಂದರೆ 47 ನ್ಯಾನೋ. ಸರಿಯಾಗಿಯೇ ಇದೆ. ಆದರೆ ಪಕ್ಕದ ಅಕ್ಷರ ‘ಝಡ್’ ಆಗಿದ್ದರೆ, ತಯಾರಕ ಒಪ್ಪಿಕೊಂಡಿರುವ ವ್ಯತ್ಯಾಸ ಮೇಲೆ ಶೇ. 80, ಕೆಳಗೆ ಶೇ. 20. ನಿಮ್ಮ ಕೈಯಲ್ಲಿರುವುದು 38 ನ್ಯಾನೋ ಇರಬಹುದು, 85 ಕೂಡ ಇರಬಹುದು. ಗೆರೆ 900ರಿಂದ 400 ಹರ್ಟ್ಜ್‌ವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಶೇ. 5ರ ‘ಜೆ’ ಅಕ್ಷರದ ಪಾಲಿಯೆಸ್ಟರ್ ಫಿಲ್ಮ್ ಹಾಕಿದರೆ ಅದು 690 ಮತ್ತು 760ರ ನಡುವೆ ನಿಲ್ಲುತ್ತದೆ. ‘ಫಿಲ್ಮ್ ಹಾಕಿದ ಮೇಲೆ ದನಿ ಬದಲಾಯಿತು’ ಎನ್ನುವ ಎಷ್ಟೋ ಅನುಭವಗಳ ಹಿಂದಿನ ಗುಟ್ಟು ಇಷ್ಟೇ ಎಂಬುದು ನನ್ನ ಅನುಮಾನ. ಬದಲಾದದ್ದು ವಸ್ತುವಿನ ಗುಣವಲ್ಲ, ಮೌಲ್ಯ.

ಅಂಥ ಸೆರಾಮಿಕ್ ಹೀಗೇಕೆ ಆಡುತ್ತದೆ? ಅದರೊಳಗಿರುವುದು ಬೇರಿಯಂ ಟೈಟನೇಟ್. ಸಣ್ಣ ಜಾಗದಲ್ಲಿ ಬಹಳ ವಿದ್ಯುದಾವೇಶ ತುಂಬಿಕೊಳ್ಳುವ ವಸ್ತು ಇದು, ಆದರೆ ಶಾಖಕ್ಕೂ ವೋಲ್ಟೇಜಿಗೂ ಬಲು ಬೇಗ ಮಣಿಯುತ್ತದೆ. ‘ವೈ5ವಿ’ ದರ್ಜೆಯದು –30ರಿಂದ 85 ಡಿಗ್ರಿ ಸೆಲ್ಸಿಯಸ್ ಒಳಗೆ ತನ್ನ ಸಾಮರ್ಥ್ಯದ ಶೇ. 82ರಷ್ಟನ್ನು ಕಳೆದುಕೊಂಡರೂ ನಿಯಮದ ಪ್ರಕಾರ ತಪ್ಪಲ್ಲ. ‘ಎಕ್ಸ್7ಆರ್’ ಎಷ್ಟೋ ಮೇಲು. ಶಾಖದ ಏರಿಳಿತಕ್ಕೆ ಶೇ. 15 ದಾಟುವುದಿಲ್ಲ.

ಇನ್ನೊಂದು ಕಿರಿಕಿರಿಯೂ ಉಂಟು. ಬೇರಿಯಂ ಟೈಟನೇಟ್ ಪೀಜೋವಿದ್ಯುತ್ ಗುಣದ ವಸ್ತು: ಅದುಮಿದರೆ ವೋಲ್ಟೇಜ್ ಹುಟ್ಟುತ್ತದೆ. ಪೆಡಲನ್ನು ಆಂಪ್ಲಿಫೈಯರಿಗೆ ಜೋಡಿಸಿ, ಗೇನ್ ಪೂರ್ತಿ ಏರಿಸಿ, ಮರದ ಪೆನ್ಸಿಲಿನ ತುದಿಯಿಂದ ಆ ಡಿಸ್ಕನ್ನು ಮೆಲ್ಲಗೆ ತಟ್ಟಿ ನೋಡಿ. ಕೆಲವು ಸ್ಪೀಕರಿನಲ್ಲಿ ‘ಟಕ್’ ಎಂದು ಓಗೊಡುತ್ತವೆ. ಕಾಲಿನಿಂದ ತುಳಿಯಲೆಂದೇ ಮಾಡಿದ ಪೆಟ್ಟಿಗೆಯಲ್ಲಿ, ಅದೂ ಸಿಗ್ನಲ್ ಒಳಬರುವ ಜಾಗದಲ್ಲಿ, ಇಂಥದ್ದು ಬೇಡ.

ಹಾಗೆಂದು ಸೆರಾಮಿಕ್ ಎಲ್ಲವೂ ಕೆಟ್ಟದ್ದಲ್ಲ. ಅದೇ ಟ್ಯೂಬ್ ಸ್ಕ್ರೀಮರಿನಲ್ಲಿ 51 ಪೈಕೋಫ್ಯಾರಡ್‌ನದೊಂದು ಇದೆ. ಡ್ರೈವ್ ಪೂರ್ತಿ ತಿರುಗಿಸಿದಾಗ ಸುಮಾರು 5,700 ಹರ್ಟ್ಜ್‌ನಿಂದ ಮೇಲಿನ ಕರ್ಕಶವನ್ನು ತಗ್ಗಿಸುವುದು ಅದರ ಕೆಲಸ. ಇಷ್ಟು ಚಿಕ್ಕ ಮೌಲ್ಯಕ್ಕೆ ‘ಸಿ0ಜಿ’ ಅಥವಾ ‘ಎನ್‌ಪಿ0’ ದರ್ಜೆಯ ಸೆರಾಮಿಕ್ಕೇ ಉತ್ತಮ. ಅದು ಬೇರೆಯೇ ವಸ್ತುವಿನಿಂದ ಮಾಡಿದ್ದು. ಶಾಖ, ವೋಲ್ಟೇಜ್ ಯಾವುದಕ್ಕೂ ಜಗ್ಗುವುದಿಲ್ಲ, ತಟ್ಟಿದರೂ ಸುಮ್ಮನಿರುತ್ತದೆ.

1 ಮೈಕ್ರೋಫ್ಯಾರಡ್ ದಾಟಿದ ಮೇಲೆ ಫಿಲ್ಮ್ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ, ಎಲೆಕ್ಟ್ರೋಲಿಟಿಕ್ಕೇ ಗತಿ. 9 ವೋಲ್ಟ್ ಪೆಡಲಿಗೆ 16 ಅಥವಾ 25 ವೋಲ್ಟಿನದು ಸಾಕು. ವಿದ್ಯುತ್ ಒಳಬರುವಲ್ಲಿ 100 ಮೈಕ್ರೋದ ಒಂದು, ಪಕ್ಕದಲ್ಲಿ 104 ಎಂದು ಬರೆದ ಸೆರಾಮಿಕ್ ಒಂದು ಇಟ್ಟರೆ ಅಡಾಪ್ಟರಿನ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಅಡಗುತ್ತದೆ. ಇಲ್ಲಿ ಅಗ್ಗದ ಡಿಸ್ಕ್ ಧಾರಾಳವಾಗಿ ನಡೆಯುತ್ತದೆ; ಸಿಗ್ನಲ್ ದಾರಿಯಲ್ಲಿ ಅದಿಲ್ಲ. ಎಲೆಕ್ಟ್ರೋಲಿಟಿಕ್‌ನ ಪ್ಲಸ್-ಮೈನಸ್ ಮಾತ್ರ ಎರಡು ಸಲ ನೋಡಿ. 1966ರಲ್ಲಿ ಲಂಡನ್ನಿನಲ್ಲಿ ಬಂದ ‘ಫಜ್ ಫೇಸ್’ನ ಜರ್ಮೇನಿಯಂ ರೂಪದಲ್ಲಿ ಗ್ರೌಂಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಬೇರೆ ಪೆಡಲಿನ ಅಭ್ಯಾಸದಲ್ಲೇ ಬೆಸುಗೆ ಹಾಕಿದರೆ ಎಲ್ಲವೂ ತಲೆಕೆಳಗು. ಟ್ಯಾಂಟಲಮ್ ಬಗೆಯದು ತಿರುಗುಮುರುಗಾದರೆ ಶಾರ್ಟ್ ಆಗಿ ಹೊತ್ತಿ ಉರಿಯುವುದೂ ಉಂಟು.

ಹಳೆಯ ಕಾಗದ-ಎಣ್ಣೆಯ ಕೆಪ್ಯಾಸಿಟರ್‌ಗೆ ದುಬಾರಿ ಬೆಲೆ ತೆರಬೇಕೇ ಎಂದು ಕೇಳುವವರಿದ್ದಾರೆ. ದನಿಯನ್ನು ಬೇಕೆಂದೇ ಒಡೆಯುವ ಪೆಟ್ಟಿಗೆಯಲ್ಲಿ ಕೆಪ್ಯಾಸಿಟರ್ ತಾನಾಗಿ ಸೇರಿಸುವ ಚೂರು ವಿಕೃತಿಯನ್ನು ಹುಡುಕುವುದು ವ್ಯರ್ಥ ಎಂಬುದೇ ನನ್ನ ಉತ್ತರ. ಆ ದುಡ್ಡಿಗೆ ಕೆಪ್ಯಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಕೊಳ್ಳಿ. 47 ನ್ಯಾನೋ ಇರುವ ಜಾಗದಲ್ಲಿ ನೇರ ಬೆಸುಗೆ ಹಾಕದೆ ಐಸಿ ಸಾಕೆಟ್ಟಿನ ಎರಡು ರಂಧ್ರ ಕೂರಿಸಿ, 22, 47, 100 ನ್ಯಾನೋಗಳನ್ನು ಒಂದೊಂದಾಗಿ ಸಿಕ್ಕಿಸಿ ನುಡಿಸಿ. ಗೆರೆ 1,540, 720, 340 ಹರ್ಟ್ಜ್‌ಗೆ ಜಾರುತ್ತದೆ, ಆ ವ್ಯತ್ಯಾಸ ಯಾರ ಕಿವಿಗಾದರೂ ಕೇಳಿಸುತ್ತದೆ.