ರಕ್ಷಣೆ ಹೊಂದಿದವನು ಇನ್ನೂ ಪಾಪಿಯೇ?

"ನೀವು ರಕ್ಷಣೆ ಹೊಂದಿದ್ದೀರಾ?" ಚಳ್ಳಕೆರೆ, ಮೊಳಕಾಲ್ಮುರು ಕಡೆಯ ನಮ್ಮ ಕಥೋಲಿಕ ಕುಟುಂಬಗಳಿಗೆ ಈ ಪ್ರಶ್ನೆ ಹೊಸದಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಮಂಚದ ಬಳಿ, ನೆರೆಮನೆಯ ಪ್ರಾರ್ಥನಾಕೂಟದಲ್ಲಿ ಯಾರಾದರೊಬ್ಬ ಸಹೋದರರು ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ಇದನ್ನು ಕೇಳಿಯೇ ಕೇಳುತ್ತಾರೆ. ಹೌದು ಎಂದರೆ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: ಹಾಗಾದರೆ ಪ್ರತಿ ಭಾನುವಾರ ಬಲಿಪೂಜೆಯ ಆರಂಭದಲ್ಲಿ ಪಾಪಿಯೆಂದು ಒಪ್ಪಿಕೊಂಡು ಎದೆ ಬಡಿದುಕೊಳ್ಳುವುದೇಕೆ? ಇಲ್ಲ ಎಂದರೆ, ಕ್ರಿಸ್ತರು ನಿಮಗಾಗಿ ಸತ್ತದ್ದು ವ್ಯರ್ಥವಾಯಿತೇ ಎಂಬ ಆಕ್ಷೇಪ ಬರುತ್ತದೆ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ಪೂರ್ವದಂಚಿನ ಈ ತಾಲ್ಲೂಕುಗಳಲ್ಲಿ ನಮ್ಮವರು ಅಲ್ಲೊಂದು ಮನೆ ಇಲ್ಲೊಂದು ಮನೆಯಾಗಿ ಚದುರಿದ್ದಾರೆ. ಉತ್ತರ ಹೇಳಲು ಪಕ್ಕದಲ್ಲಿ ಉಪದೇಶಿಯಾಗಲಿ ಯಾಜಕರಾಗಲಿ ಇರುವುದಿಲ್ಲ. ಹಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರು ಮನಸ್ಸಿನಲ್ಲಿ ಒಂದು ಮುಳ್ಳನ್ನು ಇಟ್ಟುಕೊಂಡು ಮನೆಗೆ ಬರುತ್ತಾರೆ. ಈ ಲೇಖನ ಆ ಕೆಲವರಿಗಾಗಿ.

ನಮ್ಮ ಕನ್ನಡದಲ್ಲಿ 'ಪಾಪ' ಎಂಬ ಮಾತಿಗೆ ಎರಡು ಬಾಳುವೆಗಳಿವೆ. ಕೊಲೆ, ಕಳವು, ಸುಳ್ಳು ಪಾಪ. ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದುಬರುವ ಮುದುಕಿಯನ್ನು ಕಂಡರೂ ನಾವು 'ಅಯ್ಯೋ ಪಾಪ' ಎನ್ನುತ್ತೇವೆ. ಒಂದೇ ಶಬ್ದ ಒಮ್ಮೆ ಅಪರಾಧವನ್ನೂ ಇನ್ನೊಮ್ಮೆ ಕನಿಕರವನ್ನೂ ಹೇಳುತ್ತದೆ. ಸೆಮಿನರಿಯಲ್ಲಿ ಲತೀನ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲಿ ನನಗೆ ಇದು ಹೊಳೆದಿರಲಿಲ್ಲ. ಮನೆಭೇಟಿಗಳಲ್ಲಿ ಜನರ ಬಾಯಿಂದ ಕೇಳಿದ ಮೇಲೆ, ನಮ್ಮ ಹಳ್ಳಿಗರ ನಾಲಿಗೆ ದೈವಶಾಸ್ತ್ರದ ಒಂದು ತಿರುಳನ್ನು ತಾನಾಗಿಯೇ ಹಿಡಿದಿದೆ ಅನ್ನಿಸಿತು. ಆದರೆ ಅದೇ ನಾಲಿಗೆಯಲ್ಲಿ ಕಠಿಣವಾದ ಗಾದೆಯೂ ಇದೆ: ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು. ಒಮ್ಮೆ ಪಾಪಿಯಾದವನಿಗೆ ಕಡಲಿನಲ್ಲಿಯೂ ಮುಳುಗಿ ಮೀಯುವ ಭಾಗ್ಯವಿಲ್ಲವೆಂಬ ಈ ಮಾತನ್ನು ಯಾವ ಕ್ರೈಸ್ತನೂ ಒಪ್ಪುವಂತಿಲ್ಲ. ದೀಕ್ಷಾಸ್ನಾನದ ನೀರು ಮೊಳಕಾಲುದ್ದದ್ದಲ್ಲ. ಅದರಲ್ಲಿ ಮೂಲಪಾಪವೂ ಅದುವರೆಗೆ ಮಾಡಿದ ಸಕಲ ಪಾಪಗಳೂ ಅವುಗಳಿಗೆ ಸಲ್ಲಬೇಕಾದ ಶಿಕ್ಷೆಯೂ ತೊಳೆದುಹೋಗುತ್ತವೆಂಬುದು ಧರ್ಮಸಭೆಯ ಬೋಧನೆ.

ಹಾಗಿದ್ದರೆ ಮುಂದೇನು? ಶ್ರೀಗ್ರಂಥವನ್ನು ತೆರೆದರೆ ಎರಡು ಧ್ವನಿಗಳು ಒಟ್ಟಿಗೆ ಕೇಳಿಬರುತ್ತವೆ. ಸಂತ ಯೊವಾನ್ನರ ಮೊದಲನೆಯ ಪತ್ರ ತನ್ನ ಮೊದಲ ಅಧ್ಯಾಯದಲ್ಲಿ, ನಮ್ಮಲ್ಲಿ ಪಾಪವಿಲ್ಲವೆನ್ನುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ ಎನ್ನುತ್ತದೆ. ಅದೇ ಪತ್ರದ ಮೂರನೆಯ ಅಧ್ಯಾಯ, ದೇವರಿಂದ ಜನಿಸಿದವನು ಪಾಪ ಮಾಡುವುದಿಲ್ಲ ಎನ್ನುತ್ತದೆ. ಬರೆದ ಕೈ ಒಂದೇ. ಸಂತ ಪೌಲರು ಕೊರಿಂಥದ ವಿಶ್ವಾಸಿಗಳನ್ನು ಪಾವನರೆಂದು ಕರೆದು ಪತ್ರ ಆರಂಭಿಸಿ, ಆ ಪಾವನರ ಗುಂಪುಗಾರಿಕೆ, ಕೋರ್ಟು ವ್ಯಾಜ್ಯ, ಅನೈತಿಕತೆಗಳನ್ನು ಪುಟಗಟ್ಟಲೆ ಖಂಡಿಸುತ್ತಾರೆ. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಪಾಪಿಗಳಲ್ಲಿ ತಾವೇ ಮೊದಲಿಗರೆಂದು ಹೇಳಿಕೊಳ್ಳುವಾಗ, ಗ್ರೀಕ್ ಮೂಲದಲ್ಲಿರುವುದು ವರ್ತಮಾನಕಾಲದ ಕ್ರಿಯಾಪದ. 'ಆಗಿದ್ದೆ' ಎಂದಲ್ಲ, 'ಆಗಿದ್ದೇನೆ' ಎಂದು. ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ, ಬಯಸಿದ ಒಳಿತನ್ನು ಮಾಡಲಾರದೆ ಬಯಸದ ಕೆಡುಕನ್ನು ಮಾಡುವ ಮನುಷ್ಯನೊಬ್ಬನ ನರಳಾಟವಿದೆ. ಆತ ಇನ್ನೂ ಕ್ರಿಸ್ತರನ್ನು ಅರಿಯದವನೆಂದು ಸಂತ ಅಗಸ್ಟೀನರು ಮೊದಲು ತಿಳಿದಿದ್ದರು. ವಯಸ್ಸಾದಂತೆ ಅವರು ಆ ಅಭಿಪ್ರಾಯವನ್ನು ಬದಲಿಸಿಕೊಂಡು, ಅದು ವರಪ್ರಸಾದ ಪಡೆದ ಪೌಲರದೇ ಧ್ವನಿಯೆಂದು ಓದಿದರು.

ಇಲ್ಲಿ ನಮ್ಮ ನೆಲದ ಒಂದು ಬಂಡೆಗಲ್ಲನ್ನು ನೆನೆಯದೆ ಮುಂದೆ ಹೋಗಲಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಅವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಶಾಲೆಯ ಮಕ್ಕಳು ಪ್ರವಾಸ ಹೋಗಿ ನೋಡಿ ಬರುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಕೇಳುವವರು ಕಡಿಮೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲದ ಅಧಿಕಾರಿಗಳಿಗೆ ಬಂದ ಆ ಸಂದೇಶದಲ್ಲಿ ಚಕ್ರವರ್ತಿ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು. ಆದರೆ ಒಂದು ವರ್ಷ ಹೆಚ್ಚಿನ ಶ್ರಮವನ್ನೇನೂ ಪಡಲಿಲ್ಲ. ಸಂಘವನ್ನು ಸೇರಿದ ಮೇಲೆ, ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಿಸಿದ್ದೇನೆ ಎಂಬುದು ಅದರ ಭಾವ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸಾಮ್ರಾಟನೊಬ್ಬ, ದೀಕ್ಷೆ ಪಡೆದ ಮೇಲೂ ತಾನು ಸಡಿಲನಾಗಿದ್ದೆನೆಂದು ನಮ್ಮ ಬಯಲುಸೀಮೆಯ ಕಲ್ಲಿನ ಮೇಲೆ ಕೊರೆಯಿಸಿದ್ದಾನೆ! ಶ್ರಮಿಸಿದರೆ ದೊಡ್ಡವರು ಮಾತ್ರವಲ್ಲ, ಚಿಕ್ಕವರೂ ಸ್ವರ್ಗವನ್ನು ಪಡೆಯಬಹುದೆಂದೂ ಆ ಶಾಸನ ಹೇಳುತ್ತದೆ.

ಅಶೋಕನನ್ನು ಕ್ರೈಸ್ತನನ್ನಾಗಿ ಮಾಡುವ ಹುಚ್ಚು ನನಗಿಲ್ಲ. ಅವನು ಮಾತನಾಡುವುದು ತನ್ನ ಶ್ರಮವನ್ನು ಕುರಿತು, ಕ್ಷಮೆಯನ್ನು ಕುರಿತಲ್ಲ. ನಮ್ಮ ವಿಶ್ವಾಸದಲ್ಲಿ ಶ್ರಮಿಸುವ ಶಕ್ತಿಯೂ ದೇವರ ವರಪ್ರಸಾದವೇ. ಆದರೂ ದೀಕ್ಷೆಯ ದಿನ ಒಂದು, ದೀಕ್ಷೆಗೆ ತಕ್ಕ ಬದುಕು ಮೈಗೂಡುವ ದಿನ ಇನ್ನೊಂದು ಎಂಬ ಅನುಭವವನ್ನು ಮುಚ್ಚಿಡದೆ ಹೇಳಿದ ಆ ಅರಸನ ಮುಂದೆ, ನಾನು ಇಂಥ ದಿನ ಇಷ್ಟು ಗಂಟೆಗೆ ರಕ್ಷಣೆ ಹೊಂದಿದೆ, ಅಂದಿನಿಂದ ಪಾಪವನ್ನೇ ಅರಿಯೆ ಎಂದು ಸಾಕ್ಷಿ ಹೇಳುವವರು ನನಗೆ ಸ್ವಲ್ಪ ಅವಸರದವರಾಗಿ ಕಾಣುತ್ತಾರೆ.

ಈ ವಿಷಯದಲ್ಲಿ ಪಾಶ್ಚಾತ್ಯ ಧರ್ಮಸಭೆಯೇ ಒಡೆದುಹೋಯಿತು. ಮಾರ್ಟಿನ್ ಲೂಥರ್ 1515-16ರಲ್ಲಿ ರೋಮನರ ಪತ್ರವನ್ನು ಕುರಿತು ಉಪನ್ಯಾಸ ಮಾಡುವಾಗ ವಿಶ್ವಾಸಿಯನ್ನು ಒಬ್ಬ ರೋಗಿಗೆ ಹೋಲಿಸಿದರು. ಗುಣಪಡಿಸುತ್ತೇನೆಂದು ವೈದ್ಯ ಮಾತು ಕೊಟ್ಟಿದ್ದಾನೆ. ರೋಗಿ ಅದನ್ನು ನಂಬಿದ್ದಾನೆ. ಆ ಮಾತಿನ ಬಲದಿಂದ ಅವನು ಆರೋಗ್ಯವಂತ, ವಾಸ್ತವದಲ್ಲಿ ಇನ್ನೂ ರೋಗಿ. ಹಾಗೆಯೇ ವಿಶ್ವಾಸಿ ಏಕಕಾಲದಲ್ಲಿ ನೀತಿವಂತ ಹಾಗೂ ಪಾಪಿ. ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ನೇಯುವವರಿಗೆ ಇದನ್ನು ಹೀಗೆ ಹೇಳಬಹುದು: ಲೂಥರರ ದೃಷ್ಟಿಯಲ್ಲಿ ಪಾಪ ಬಟ್ಟೆಯ ಮೇಲೆ ಬಿದ್ದ ಕಲೆಯಲ್ಲ, ಅದು ಹಾಸಿನಂತೆ ಬಟ್ಟೆಯ ಉದ್ದಕ್ಕೂ ಇದೆ, ಕ್ರಿಸ್ತರ ನೀತಿಯೂ ಹೊಕ್ಕಿನಂತೆ ಅಡ್ಡಲಾಗಿ ಉದ್ದಕ್ಕೂ ಇದೆ. ಎಲ್ಲಿ ಮುಟ್ಟಿದರೂ ಎರಡೂ ಕೈಗೆ ಸಿಗುತ್ತವೆ.

ತ್ರೆಂತ್ ಮಹಾಸಭೆ ಇದನ್ನು ಒಪ್ಪಲಿಲ್ಲ. 1546ರ ಜೂನ್‌ನಲ್ಲಿ ಮೂಲಪಾಪವನ್ನು ಕುರಿತು, 1547ರ ಜನವರಿ 13ರಂದು ನೀತೀಕರಣವನ್ನು ಕುರಿತು ಅದು ತೀರ್ಪು ನೀಡಿತು. ದೀಕ್ಷಾಸ್ನಾನ ಪಡೆದವನಲ್ಲಿ ಪಾಪವೆಂದು ನಿಜವಾಗಿ ಕರೆಯಬಹುದಾದದ್ದು ಏನೂ ಉಳಿಯುವುದಿಲ್ಲ. ಉಳಿಯುವುದು ದುರಾಸೆಯ ಸೆಳೆತ. ಅದು ಪಾಪದಿಂದ ಹುಟ್ಟಿದ್ದು, ಪಾಪದ ಕಡೆಗೆ ಎಳೆಯುವಂಥದ್ದು. ಆದರೆ ಮನಸ್ಸು ಒಪ್ಪಿಗೆ ಕೊಡುವತನಕ ಅದು ಪಾಪವಲ್ಲ. ಹೋರಾಟಕ್ಕಾಗಿ ಅದನ್ನು ನಮ್ಮಲ್ಲಿ ಉಳಿಸಲಾಗಿದೆ. ಹಾಗೆಂದು ಆ ಮಹಾಸಭೆ ನಮ್ಮನ್ನು ದೇವದೂತರನ್ನಾಗಿಯೂ ಮಾಡಲಿಲ್ಲ. ಒಮ್ಮೆ ನೀತಿವಂತನಾದವನು ಮತ್ತೆ ಬೀಳಲಾರನೆಂಬುದನ್ನು ಅದು ತಳ್ಳಿಹಾಕಿತು. ಮಾತೆ ಮರಿಯಮ್ಮನವರಿಗೆ ದೊರೆತಂಥ ವಿಶೇಷ ವರವಿಲ್ಲದೆ ಯಾರೂ ಜೀವನಪೂರ್ತಿ ಸಣ್ಣ ಪಾಪಗಳನ್ನೂ ಮಾಡದೆ ಇರಲಾರರೆಂದು ಸ್ಪಷ್ಟವಾಗಿ ಹೇಳಿತು. ಎಂದರೆ, ಬಲಿಪೂಜೆಯಲ್ಲಿ ಎದೆ ಬಡಿದುಕೊಳ್ಳುವುದು ನಾಟಕವಲ್ಲ. ಅದು ಕಳೆದ ವಾರದ ಲೆಕ್ಕ.

ಇವೆರಡರ ನಡುವಣ ಅಂತರ ಎಷ್ಟು? 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ನೀತೀಕರಣದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದರ ಜೊತೆಗೂಡಿದವು. ಅಂದಿನ ಸಹಿಗೆ ಮುನ್ನ, 1998ರಲ್ಲಿ, ರೋಮ್ ಎತ್ತಿದ ಅತಿ ದೊಡ್ಡ ಆಕ್ಷೇಪ ಯಾವುದರ ಬಗ್ಗೆ ಗೊತ್ತೇ? 'ಏಕಕಾಲದಲ್ಲಿ ನೀತಿವಂತ ಹಾಗೂ ಪಾಪಿ' ಎಂಬ ಈ ಮಾತಿನ ಬಗ್ಗೆಯೇ. ಅದನ್ನು ಬಿಡಿಸಲು ಘೋಷಣೆಗೆ ಒಂದು ಅನುಬಂಧವನ್ನೇ ಸೇರಿಸಬೇಕಾಯಿತು. ವಿಶ್ವಾಸಿಯಲ್ಲಿ ಉಳಿದಿರುವ ಪಾಪ ಅವನನ್ನು ಆಳುವ ಪಾಪವಲ್ಲ, ಕ್ರಿಸ್ತರಿಂದ ಆಳಿಸಿಕೊಳ್ಳುವ ಪಾಪ ಎಂಬುದು ಲೂಥರನ್ನರ ವಿವರಣೆ. ಪ್ರತಿದಿನವೂ ಕ್ಷಮೆ ಬೇಡಬೇಕೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಪರಿಶ್ರಮವನ್ನು, ಕನ್ನಡದಲ್ಲಿ ಬೈಬಲ್ ಓದುವ ನಾವು ಕೃತಜ್ಞತೆಯಿಂದ ನೆನೆಯಬೇಕು. ಪ್ರಾಟೆಸ್ಟಂಟ್ ನೆರೆಯವರೊಡನೆ ಈ ಪ್ರಶ್ನೆ ಬಂದಾಗ ಜಗಳಕ್ಕಿಂತ ಮಾತುಕತೆಗೆ ಹೆಚ್ಚಿನ ಅವಕಾಶ ಇಂದು ಇದೆ.

ಇಷ್ಟೆಲ್ಲ ಪಂಡಿತರ ಚರ್ಚೆಯಾಯಿತು. ಮನೆಯೊಳಗೆ ಈ ಪ್ರಶ್ನೆ ಬೇರೆಯದೇ ರೂಪದಲ್ಲಿ ಬರುತ್ತದೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನನ್ನನ್ನು ಕೇಳಿದ್ದರು. ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಜಗಲಿಯ ಮೇಲೆ ಕುಳಿತು ಹತ್ತು ಜನರೆದುರು ಹೇಳಿದ್ದು, ಆದ್ದರಿಂದ ಬರೆಯುತ್ತಿದ್ದೇನೆ. ಅವರ ಯಜಮಾನರು ಮಗ್ಗದ ಕೆಲಸದವರು, ಕುಡಿತಕ್ಕೆ ಬಿದ್ದಿದ್ದವರು. ಧ್ಯಾನಕೂಟವೊಂದಕ್ಕೆ ಹೋಗಿ ಅತ್ತು, ಪಾಪನಿವೇದನೆ ಮಾಡಿ, ಏಳು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಸಂಬಂಧಿಕರ ಮದುವೆಯೊಂದರಲ್ಲಿ ಮತ್ತೆ ಕುಡಿದರು. "ಫಾದರ್, ಇವರ ಪಾಪವೆಲ್ಲ ಹೋಯಿತು ಅಂದ್ರಲ್ಲ, ಹೋಗಿದ್ದು ಮತ್ತೆ ಹೆಂಗೆ ಬಂತು? ಅವತ್ತು ಹೋಗಿದ್ದೇ ಸುಳ್ಳಾ?"

ಅದು ಸುಳ್ಳಲ್ಲ. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಈ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಬರೆದಿಟ್ಟಿದ್ದಾರೆ. ದೇವರು ವರಪ್ರಸಾದದೊಡನೆ ಸದ್ಗುಣಗಳನ್ನು ಒಮ್ಮೆಗೇ ಹೃದಯದಲ್ಲಿ ಇರಿಸುತ್ತಾರೆ. ಆದರೆ ಹಿಂದೆ ಮಾಡಿದ ಕೃತ್ಯಗಳಿಂದ ಬೆಳೆದ ವಿರುದ್ಧ ಒಲವುಗಳು ಉಳಿದಿರಬಹುದು. ಆದ್ದರಿಂದ ಸದ್ಗುಣವಿದ್ದವನಿಗೂ ಅದರಂತೆ ನಡೆಯುವುದು ಕಷ್ಟವಾಗುತ್ತದೆ, ಅದರಲ್ಲಿ ಸುಖ ಕಾಣುವುದಿಲ್ಲ. ಇಪ್ಪತ್ತು ವರ್ಷ ಒಂದೇ ಅಂಚು ನೇಯ್ದ ಕೈ, ಹೊಸ ಅಂಚಿನ ಮಗ್ಗದಲ್ಲಿ ಕೂತರೂ ಹಳೆಯ ದಾರಿಯನ್ನೇ ಹುಡುಕುತ್ತದೆ. ಅಗಸ್ಟೀನರ ಮಾತಿನ ಸಾರವೂ ಇದೇ: ಜ್ವರ ಬಿಡುವುದು ಬೇರೆ, ಜ್ವರದ ನಿಶ್ಶಕ್ತಿ ಬಿಡುವುದು ಬೇರೆ, ನೆಟ್ಟ ಬಾಣವನ್ನು ಕೀಳುವುದು ಬೇರೆ, ಗಾಯ ಮಾಯುವುದು ಬೇರೆ. ಏಳು ತಿಂಗಳ ಹಿಂದಿನ ಕ್ಷಮೆ ನಿಜ. ಮದುವೆಮನೆಯ ಕುಡಿತವೂ ನಿಜ. ಅದಕ್ಕೆ ಹೊಸ ಪಶ್ಚಾತ್ತಾಪ ಬೇಕು, ಹೊಸ ಕ್ಷಮೆ ಸಿಗುತ್ತದೆ. ಅದರೊಡನೆ ವೈದ್ಯರ ನೆರವೂ ಬೇಕೆಂದು ಆ ತಾಯಿಗೆ ಹೇಳಿದೆ. ಕುಡಿತದ ಚಟವನ್ನು ಬರೀ ಪ್ರಾರ್ಥನೆಯಿಂದ ಬಿಡಿಸುತ್ತೇವೆನ್ನುವವರು ವರಪ್ರಸಾದವನ್ನು ಹೊಗಳುತ್ತಿರುವಂತೆ ಕಂಡರೂ, ಬಿದ್ದವನ ಮೇಲೆ ವಿಶ್ವಾಸ ಸಾಲದೆಂಬ ಇನ್ನೊಂದು ಹೊರೆಯನ್ನು ಹೇರುತ್ತಿದ್ದಾರೆ.

ಇನ್ನು ನಮ್ಮ ಕಥೋಲಿಕರದೇ ಒಂದು ರೋಗವಿದೆ. 'ಎಲ್ಲರೂ ಪಾಪಿಗಳೇ ಬಿಡಿ ಫಾದರ್' ಎಂಬ ಮಾತು. ಶೇಂಗಾ ಎಣ್ಣೆಗೆ ಅಗ್ಗದ ಎಣ್ಣೆ ಬೆರೆಸಿ ಮಾರುವವನೂ, ತಮ್ಮನ ಪಾಲಿನ ಹೊಲವನ್ನು ಒತ್ತಿಕೊಂಡವನೂ, ಸೊಸೆಯನ್ನು ತವರಿಗೆ ಅಟ್ಟಿದ ಅತ್ತೆಯೂ ಇದನ್ನು ಆರಾಮಾಗಿ ಹೇಳುತ್ತಾರೆ. ಚಳ್ಳಕೆರೆಯ ಕಂಬಳಿ ಹೊದ್ದವನಿಗೆ ಚಳಿ ತಾಗದಂತೆ, ಈ ಮಾತನ್ನು ಹೊದ್ದವನಿಗೆ ಮನಸ್ಸಾಕ್ಷಿ ತಾಗುವುದಿಲ್ಲ. ದೇವರು ನಮ್ಮ ಪಾಪದ ಮೇಲೆ ಕಂಬಳಿ ಹೊದಿಸಿ ಕಾಣದಂತೆ ಮಾಡಿ ಸುಮ್ಮನಾಗುವುದಿಲ್ಲ. ಒಳಗಿನವನನ್ನೇ ಬದಲಿಸುತ್ತಾರೆ ಎಂಬುದಕ್ಕಾಗಿಯೇ ತ್ರೆಂತ್‌ನ ಪಿತೃಗಳು ಅಷ್ಟು ವಾದಿಸಿದ್ದು. ಜಪಮಾಲೆಯ ಐದು ದಶಕಗಳನ್ನು ಪೂರೈಸುವಾಗ, ಆರಂಭದ ಮೂರು ಮಣಿಗಳೂ ಸೇರಿ, 53 ಬಾರಿ ನಾವು ನಮ್ಮನ್ನು ಪಾಪಿಗಳೆಂದು ಕರೆದುಕೊಳ್ಳುತ್ತೇವೆ. ಅದು ನೆರವು ಬೇಡುವವನ ಮಾತು. ನೆರವು ಬೇಡವೆನ್ನುವವನು ಅದನ್ನು ಹೇಳುವುದರಲ್ಲಿ ಅರ್ಥವಿಲ್ಲ. 2013ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂದರ್ಶಕರೊಬ್ಬರು ತಾವು ಯಾರೆಂದು ಕೇಳಿದಾಗ, ಅವರು ತಾನೊಬ್ಬ ಪಾಪಿಯೆಂದರು. ಜೊತೆಯಲ್ಲೇ, ಪ್ರಭು ಕಟಾಕ್ಷಿಸಿದ ಪಾಪಿಯೆಂದರು. 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಅನೇಕರು ನೆನೆದದ್ದು ಈ ಉತ್ತರವನ್ನು.

ಕೊನೆಗೆ, ಹಲವರು ಕೇಳುವ ಒಂದು ಮಾತು: ಪ್ರತಿ ಸಲವೂ ಅದೇ ಪಾಪಗಳನ್ನು ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದ ಪಾಪನಿವೇದನೆಯನ್ನೇ ಬಿಟ್ಟಿದ್ದೇನೆ. ಅದೇ ಪಾಪ ಬರುವುದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ಸಲ ಹೊಸಹೊಸ ಪಾಪ ತಂದರೆ ಯಾಜಕರು ಗಾಬರಿಯಾದಾರು. ಘೋರ ಪಾಪಗಳಿದ್ದರೆ ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬ ಕಟ್ಟಳೆ 1215ರ ಲ್ಯಾಟರನ್ ಮಹಾಸಭೆಯಿಂದ ಬಂದದ್ದು. ಅದು ಕನಿಷ್ಠ ಮಿತಿ. ಮಾಡಿದ್ದನ್ನು ನೆವಗಳಿಲ್ಲದೆ, ಗಂಡನ ಅಥವಾ ಹೆಂಡತಿಯ ಪಾಪಗಳನ್ನು ಸೇರಿಸದೆ ಹೇಳಿದರೆ ಸಾಕು. ಪವಿತ್ರ ವಾರದ ನೂಕುನುಗ್ಗಲಿಗೆ ಕಾಯದೆ, ತಪಸ್ಸುಕಾಲದ ಮೊದಲ ವಾರಗಳಲ್ಲೇ ಬಂದರೆ ಕೂತು ಮಾತನಾಡಲು ಇಬ್ಬರಿಗೂ ಸಮಯ ಸಿಗುತ್ತದೆ.