ಹೆಸರು ಊರಲ್ಲಿ, ಆಸಾಮಿ ಭಿವಂಡಿಯಲ್ಲಿ

“ಈಗಿನ ಹುಡುಗರಿಗೆ ಓಟು ಅಂದ್ರೆ ಉದಾಸೀನ” ಎಂದು ಹಿರಿಯರು ಗೊಣಗುವುದುಂಟು. ಪೂರ್ತಿ ಸುಳ್ಳೇನಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆದರೂ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ 18–19ರ ಹರೆಯದವರಲ್ಲಿ ಅರ್ಧದಷ್ಟು ಜನರೂ ಪಟ್ಟಿ ಸೇರಿರಲಿಲ್ಲ.

ಆದರೆ ನಮ್ಮ ಭಿವಂಡಿಯನ್ನೇ ನೋಡಿ. ಇಲ್ಲಿನ ಪವರ್‌ಲೂಮಿನಲ್ಲೋ ಗೋದಾಮಿನಲ್ಲೋ ದುಡಿಯುವ ಕಲಬುರಗಿ ಕಡೆಯ ಹುಡುಗನ ಹೆಸರು ಊರಿನ ಪಟ್ಟಿಯಲ್ಲಿರುತ್ತದೆ. 2024ರಲ್ಲಿ ಅಲ್ಲಿ ಮತದಾನ ಮೇ 7ಕ್ಕೆ, ಇಲ್ಲಿ ಮೇ 20ಕ್ಕೆ. ಅಲ್ಲಿಗೆ ಹೋಗಿಬಂದರೆ ಎರಡು ದಿನದ ಪಗಾರ ಖೋತಾ; ಇಲ್ಲಿ ಹೆಸರೇ ಇಲ್ಲ. ಇದನ್ನೂ ಉದಾಸೀನ ಅನ್ನೋಣವೇ?

“ಊರಾಗ ಮನಿ ಐತಲ್ಲ, ಹೆಸರು ಅಲ್ಲೇ ಇರ್ಲಿ” ಅಂತಾರೆ ಮನೆಯವರು. 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ಹಾಗನ್ನುವುದಿಲ್ಲ. ಸ್ವಂತ ಮನೆಯಿದ್ದ ಮಾತ್ರಕ್ಕೆ ಅಲ್ಲಿನ ಮತದಾರನಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲೇ ಓಟು, ಬಾಡಿಗೆ ಖೋಲಿಯಾದರೂ ಸರಿ. ಹೊಸಬರಿಗೆ 6ನೇ ನಮೂನೆ, ವಿಳಾಸ ಬದಲಿಗೆ 8ನೆಯದು. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು.

ನಾನು 8ನೇ ನಮೂನೆ ತುಂಬಿದ ದಿನ ಅವ್ವ ಕೇಳಿದ್ದು ಒಂದೇ: “ಹಂಗಾರ ಹೊಲದ ಗತಿ ಏನೋ?” ಪಹಣಿಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲವೆಂದು ಒಪ್ಪಿಸುವುದಕ್ಕೆ ವಾರ ಹಿಡಿಯಿತು.