ಸಂಬಳವಿಲ್ಲದ ದುಡಿಮೆ, ಸಹಿಯಿಲ್ಲದ ವಿಶ್ವಾಸ

ನಮ್ಮ ಕಾಸರಗೋಡಿನ ಶಾಲೆಗಳ ಗಣಕಯಂತ್ರಗಳಲ್ಲಿ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಬಳಕೆಯಲ್ಲಿರುವುದನ್ನು ಹಳೆ ವಿದ್ಯಾರ್ಥಿಗಳು ಬಲ್ಲರು. ಇದರ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗಾದರೆ ಇಲ್ಲಿ ಹೇಳುವವರು ಕೇಳುವವರು ಯಾರು?

ಲಿನಕ್ಸನ್ನು 1991ರಲ್ಲಿ ಆರಂಭಿಸಿದವರು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಇಂದು ಸಾವಿರಾರು ಮಂದಿ ಕಳುಹಿಸುವ ತಿದ್ದುಪಡಿಗಳನ್ನು ಅವರೊಬ್ಬರೇ ಪರಿಶೀಲಿಸಲಾರರು. ಒಂದೊಂದು ವಿಭಾಗಕ್ಕೂ ಪಾಲಕರಿದ್ದಾರೆ. ಅವರು ಒಪ್ಪಿದ್ದನ್ನು ಟೊರ್ವಾಲ್ಡ್ಸರು ಬಹುಮಟ್ಟಿಗೆ ನಂಬಿ ಸ್ವೀಕರಿಸುತ್ತಾರೆ. ಒಪ್ಪದವರು ಇಡೀ ಬರಹದ ಪ್ರತಿಯೊಂದಿಗೆ ಬೇರೆ ಬಿಡಾರ ಹೂಡಬಹುದು. ಮುಖ್ಯೋಪಾಧ್ಯಾಯನಿಗಿರುವ ಹಾಜರಿ ಪುಸ್ತಕದ ಬಲವೂ ಈ ನಾಯಕನಿಗಿಲ್ಲ! ತಮ್ಮ ಒರಟು ಮಾತುಗಳಿಗಾಗಿ ಅವರು 2018ರಲ್ಲಿ ಕ್ಷಮೆ ಯಾಚಿಸಿ ಕೆಲವು ವಾರ ದೂರ ಉಳಿದದ್ದೂ ಉಂಟು.

ದುಡಿದವನನ್ನು ನಂಬುವುದೇ ಇಲ್ಲಿಯ ರೂಢಿ. ಆದರೆ ದುಡಿಮೆಯನ್ನೇ ವೇಷವಾಗಿ ತೊಟ್ಟು ಬಂದವನನ್ನು ಗುರುತಿಸುವುದೆಂತು? ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವು ಲಿನಕ್ಸಿನ ಬಹುತೇಕ ಆವೃತ್ತಿಗಳಲ್ಲಿದೆ. ಅದನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಇತ್ತ ಕೆಲವು ಅಪರಿಚಿತ ಹೆಸರುಗಳಿಂದ, ಕೆಲಸ ನಿಧಾನವಾಯಿತು, ಬೇರೆಯವರಿಗೆ ವಹಿಸಿರಿ ಎಂಬ ಒತ್ತಡ. ದಣಿದಿದ್ದ ಪಾಲಕರು ಹೊಸಬನನ್ನು ಜತೆಗಾರನನ್ನಾಗಿ ಮಾಡಿಕೊಂಡರು. 2024ರ ಫೆಬ್ರವರಿಯಲ್ಲಿ ಆತ, ದೂರದ ಗಣಕಗಳೊಳಕ್ಕೆ ನುಗ್ಗಲು ಅನುವಾಗುವ ಕಳ್ಳಬಾಗಿಲೊಂದನ್ನು ಅದರಲ್ಲಿ ಅಡಗಿಸಿಟ್ಟ.

ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರರು. ಗಣಕದೊಳಗೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದೇಕೆಂದು ಬೆನ್ನುಹತ್ತಿ, ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ದೋಷಪೂರಿತ ಆವೃತ್ತಿಯು ಹೆಚ್ಚಿನ ಬಳಕೆದಾರರನ್ನು ಆಗಿನ್ನೂ ತಲುಪಿರಲಿಲ್ಲ.

ಮೋಸಹೋದ ಪಾಲಕರನ್ನು ಹಳಿಯುವುದು ನನಗೆ ನ್ಯಾಯವೆನಿಸದು. ಅವರ ದುಡಿಮೆಯ ಫಲವುಂಡ ದೊಡ್ಡ ಸಂಸ್ಥೆಗಳು ಅವರ ಹೆಗಲಿಗೆ ಇನ್ನೊಂದು ಹೆಗಲನ್ನು ಕೊಟ್ಟಿರಲಿಲ್ಲ. ಕೊಡಲು ಬಂದವನು ಕಳ್ಳನೊಬ್ಬನೇ. ಬೆಂಗಳೂರು, ಮಂಗಳೂರುಗಳ ಕಂಪ್ಯೂಟರ್ ಕಂಪೆನಿಗಳಲ್ಲಿರುವ ನಮ್ಮ ಶಿಷ್ಯರು, ತಾವು ಬಳಸುವ ಇಂತಹ ತಂತ್ರಾಂಶಗಳನ್ನು ಎಷ್ಟು ಮಂದಿ ಕಾಯುತ್ತಿದ್ದಾರೆಂದು ಒಮ್ಮೆ ವಿಚಾರಿಸಿ ನೋಡಲಿ.

ಎಕ್ಸ್‌ಜೆಡ್‌ನ ಹಳೆಯ ಪಾಲಕರೇ ಮತ್ತೆ ಹೊಣೆ ಹೊತ್ತು, ಕಳ್ಳಬಾಗಿಲನ್ನು ಕಿತ್ತುಹಾಕಿ, 2024ರ ಮೇ ತಿಂಗಳಲ್ಲಿ ಶುದ್ಧ ಆವೃತ್ತಿಯನ್ನು ಹೊರತಂದರು.